ಇವತ್ತಿನ ದಿನಕ್ಕೆ ಬೇಕಾದ ಟಿಕೆಟ್

ಯುವಜನರ ಕೂಟದ ಸಂದೇಶ
ವಾಕ್ಯಭಾಗ: ರೋಮಾಪುರದವರಿಗೆ 5:3-5; 1 ಥೆಸಲೊನೀಕ 5:18

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ಬಂದವರೆಲ್ಲ ಒಂದು ಸಾರಿ ಸ್ತೋತ್ರ ಹೇಳ್ರಿ. ಹಲ್ಲೆಲೂಯಾ!

ಹೋದ ವಾರ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ರ ಬಂದು ನಿಂತ. ಸರ್ಕಾರಿ ನೌಕರಿ ಪರೀಕ್ಷೆ ಮೂರನೇ ಸಲ ಕೈಕೊಟ್ಟಿತ್ತು. "ಪಾಸ್ಟರ್, ಇನ್ನೆಷ್ಟು ಸಲ ಬರೀಬೇಕ್ರಿ? ಮನೆಯಾಗ ಅಪ್ಪನ ಮುಖ ನೋಡಾಕ ಆಗವಲ್ದು" ಅಂದ. ನನ್ನ ಬಾಯಲ್ಲಿ ತಕ್ಷಣ ಉತ್ತರ ಬರಲಿಲ್ಲ. ಆ ವಾರ ನಾನು ಒಂದು ಪುಸ್ತಕ ಮತ್ತೆ ಓದ್ತಾ ಇದ್ದೆ. ಆ ತಮ್ಮನ ಪ್ರಶ್ನೆ ಇಟ್ಕೊಂಡೇ ಉಳಿದ ಪುಟಗಳನ್ನ ಓದಿದೆ.

ಪುಸ್ತಕದ ಹೆಸರು 'ದಿ ಹೈಡಿಂಗ್ ಪ್ಲೇಸ್'. 1971ರಲ್ಲಿ ಬಂದದ್ದು. ಬರೆದವರು ಕೋರಿ ಟೆನ್ ಬೂಮ್. ನೆದರ್ಲ್ಯಾಂಡ್ಸ್‌ನ ಹಾರ್ಲೆಮ್ ಊರಲ್ಲಿ ಅವರ ಮನೆತನದ ಗಡಿಯಾರದ ಅಂಗಡಿ. ಎರಡನೇ ಮಹಾಯುದ್ಧದಲ್ಲಿ ಯೆಹೂದ್ಯರನ್ನ ತಮ್ಮ ಮನೆಯಲ್ಲಿ, ಕೋಣೆಯ ಸುಳ್ಳು ಗೋಡೆಯ ಹಿಂದೆ ಬಚ್ಚಿಟ್ಟರು. 1944ರ ಫೆಬ್ರವರಿ 28ರಂದು ಸಿಕ್ಕಿಬಿದ್ದರು. 84 ವರ್ಷದ ತಂದೆ ಹತ್ತೇ ದಿನದಲ್ಲಿ ಸೆರೆಯಲ್ಲೇ ತೀರಿಕೊಂಡರು. ಕೋರಿ ಮತ್ತು ಅಕ್ಕ ಬೆಟ್ಸಿ ಕೊನೆಗೆ ಜರ್ಮನಿಯ ರಾವೆನ್ಸ್‌ಬ್ರುಕ್ ಶಿಬಿರ ಸೇರಿದರು.

ಇದರಿಂದ ಮೂರು ಪಾಠ ನೋಡೋಣ.

1. ಬಲ ಮುಂಚಿತವಾಗಿ ಸಿಗಲ್ಲ, ಸಮಯಕ್ಕೆ ಸಿಗುತ್ತೆ

ಚಿಕ್ಕವಳಿದ್ದಾಗ ಕೋರಿಗೆ ಸಾವಿನ ಭಯ ಹಿಡಿಯಿತು. ಅಪ್ಪ ಸತ್ತುಹೋದರೆ ಏನು ಗತಿ ಅಂತ ಅತ್ತಳು. ಆಗ ತಂದೆ ಕೇಳಿದ್ದು ಇಷ್ಟೇ: ನಾವು ರೈಲಿಗೆ ಹೋಗುವಾಗ ನಿನ್ನ ಟಿಕೆಟ್ ನಿನ್ನ ಕೈಗೆ ಯಾವಾಗ ಕೊಡ್ತೀನಿ? ಮಗಳು, ಹತ್ತೋ ಹೊತ್ತಿಗೆ ಅಂದಳು. ಹಾಗೇ ಪರಲೋಕದ ತಂದೆಯೂ ಬೇಕಾದ ಹೊತ್ತಿಗೆ ಬಲ ಕೊಡ್ತಾನೆ ಅಂತ ತಿಳಿಸಿದರು.

ನಾವೇನು ಮಾಡ್ತೀವಿ? ಮುಂದಿನ ಐದು ವರ್ಷದ ಟಿಕೆಟ್ ಇವತ್ತೇ ಬೇಕು ಅಂತೀವಿ. ಕೆಲಸ, ಮದುವೆ, ಸಾಲ, ಎಲ್ಲದರ ಭಾರ ರಾತ್ರಿ ಹನ್ನೆರಡಕ್ಕೆ ಮೊಬೈಲ್ ಹಿಡ್ಕೊಂಡು ಹೊರ್ತೀವಿ. ಪಕ್ಕದವರಿಗೆ ಹೇಳ್ರಿ: "ಇವತ್ತಿನ ಟಿಕೆಟ್ ಇವತ್ತು ಸಿಗುತ್ತೆ!"

2. ದಿನದ ದಾರಿ ದಿನಾ ನಡೀಬೇಕು

ರೈಲಿನ ಮಾತು ಬಂತಲ್ಲ, ನಮ್ಮ ಹಾವೇರಿ ಸ್ಟೇಷನ್ನಿಗೆ ಯಾರ ಹೆಸರಿದೆ? ಮೈಲಾರ ಮಹಾದೇವಪ್ಪನವರದು. ರಾಣೆಬೆನ್ನೂರಿಂದ ಹಾವೇರಿಗೆ ಬರುವಾಗ ಸಿಗೋ ಮೋಟೆಬೆನ್ನೂರಿನವರು. 1930ರಲ್ಲಿ ಗಾಂಧೀಜಿಯವರ ಜೊತೆ ಸಾಬರಮತಿಯಿಂದ ದಂಡಿಗೆ ನಡೆದಾಗ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು, ಸುಮಾರು 19. 24 ದಿನ, ಸುಮಾರು 385 ಕಿಲೋಮೀಟರ್. ಒಂದೇ ದಿನ ಓಡಿದ್ದಲ್ಲ. ನಡಿಗೆಯ ಜೊತೆಗೆ ದಿನಾ ಪ್ರಾರ್ಥನೆ, ದಿನಾ ನೂಲುವುದು, ದಿನಚರಿ ಬರೆಯುವುದು ಇತ್ತು. ಅದೇ ಮಹಾಯುದ್ಧದ ಕಾಲದಲ್ಲಿ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಸ್ವಾತಂತ್ರ್ಯ ಅವರು ನೋಡಲಿಲ್ಲ, ನಾವು ನೋಡಿದ್ವಿ.

ಬ್ಯಾಡಗಿಯವರಿಗೆ ಇದು ಹೊಸದಲ್ಲ. ಮೆಣಸಿನಕಾಯಿ ಕಣದಲ್ಲಿ ಹರವಿದರೆ ಒಂದೇ ಬಿಸಿಲಿಗೆ ಒಣಗುತ್ತಾ? ಅವಸರ ಮಾಡಿ ಹಸಿ ಇದ್ದಾಗಲೇ ಚೀಲ ತುಂಬಿದರೆ ಬೂಸ್ಟು ಹಿಡಿಯುತ್ತೆ. ಪೌಲನು ಹೇಳೋ ಕ್ರಮವೂ ಹೀಗೇ: ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವವಾದ ಗುಣ, ಅದರಿಂದ ನಿರೀಕ್ಷೆ. ನಡುವಿನ ಮೆಟ್ಟಿಲು ಹಾರೋಕೆ ಬರಲ್ಲ.

3. ಕೃತಜ್ಞತೆ ಕಣ್ಣು ತೆರೆಸುತ್ತೆ

ಶಿಬಿರದ ಬ್ಯಾರಕ್ ತುಂಬ ಚಿಗಟ. ಕದ್ದು ತಂದಿದ್ದ ಬೈಬಲ್ಲಿನಲ್ಲಿ ಅವರು ಓದಿದ್ದು ಥೆಸಲೊನೀಕ ಪತ್ರ, ಎಲ್ಲಾ ಸ್ಥಿತಿಯಲ್ಲೂ ಸ್ತೋತ್ರ ಮಾಡಬೇಕು ಅನ್ನೋ ಭಾಗ. ಬೆಟ್ಸಿ ಚಿಗಟಗಳಿಗೂ ಸ್ತೋತ್ರ ಹೇಳಿದಳು. ಕೋರಿಗೆ ಇದು ಅತಿಯಾಯ್ತು ಅನ್ನಿಸಿತು. ನನಗೂ ಅನ್ನಿಸ್ತಿತ್ತು! ಆಮೇಲೆ ಗೊತ್ತಾಯ್ತು, ಆ ಚಿಗಟಗಳಿಗೆ ಹೆದರಿಯೇ ಕಾವಲುಗಾರರು ಒಳಗೆ ಬರ್ತಿರಲಿಲ್ಲ. ಅದಕ್ಕೇ ಅಲ್ಲಿ ವಾಕ್ಯ ಓದೋದು ನಡೀತು.

ಒಂದು ಮಾತು ಸ್ಪಷ್ಟ ಇರಲಿ. ಅನ್ಯಾಯ ಒಳ್ಳೇದು ಅಂತ ವಾಕ್ಯ ಹೇಳಲ್ಲ. ಶಿಬಿರ ದುಷ್ಟತನವೇ. ಬೆಟ್ಸಿ 1944ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡಳು. ಕೆಲವೇ ದಿನಗಳಲ್ಲಿ ಕೋರಿಗೆ ಬಿಡುಗಡೆ ಆಯ್ತು, ಅದೂ ಕಚೇರಿಯ ತಪ್ಪಿನಿಂದ. ಹಾಗಾದರೆ ಬೆಟ್ಸಿಯ ನಂಬಿಕೆ ಕಡಿಮೆ ಇತ್ತಾ? ಇಲ್ಲ! ತಾಳ್ಮೆ ಅಂದರೆ ನಾವು ಕೇಳಿದ್ದು ಸಿಕ್ಕೇ ಸಿಗುತ್ತೆ ಅನ್ನೋ ಗ್ಯಾರಂಟಿ ಅಲ್ಲ. ಸಿಗದಿದ್ದರೂ ಕರ್ತನ ಕೈ ಬಿಡದೆ ಇರೋದು ತಾಳ್ಮೆ.

ಆ ತಮ್ಮನಿಗೆ ಈ ವಾರ ಫೋನ್ ಮಾಡಿದೆ. "ನಾಲ್ಕನೇ ಸಲ ಪಾಸಾಗ್ತೀಯ" ಅಂತ ಪ್ರವಾದನೆ ಹೇಳಲಿಲ್ಲ. ಬರೀಬೇಕೋ, ಬೇರೆ ದಾರಿ ಹಿಡೀಬೇಕೋ, ಪ್ರಾರ್ಥಿಸಿ ಹಿರಿಯರ ಹತ್ರ ಕೂತು ನಿರ್ಧರಿಸೋಣ ಅಂದೆ. ಪರೀಕ್ಷೆ ಬಿಟ್ಟರೆ ಸೋಲಲ್ಲ, ಆದರೆ ಕರ್ತನನ್ನ ಬಿಡಬೇಡ ಅಂದೆ. ಇವತ್ತು ಸಂಜೆ ಅಪ್ಪನ ಜೊತೆ ಕೂತು ಊಟ ಮಾಡು, ಮುಖ ತಪ್ಪಿಸಬೇಡ, ಅದೇ ನಿನ್ನ ಇವತ್ತಿನ ಹೆಜ್ಜೆ ಅಂದೆ. ಊಟ ಮಾಡಿದೆ ಅಂತ ರಾತ್ರಿ ಮೆಸೇಜ್ ಬಂತು. ಸ್ತೋತ್ರ!

ಈ ವಾರ ನೀವೂ ಮಾಡ್ರಿ: ದಿನಾ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು, ಇವತ್ತು ಇಟ್ಟ ಒಂದು ಹೆಜ್ಜೆ, ಸ್ತೋತ್ರ ಹೇಳಿದ ಒಂದು ಸಂಗತಿ.

ಪ್ರಾರ್ಥಿಸೋಣ. ಕರ್ತನೇ, ದಣಿದ ಈ ಮಕ್ಕಳಿಗೆ ಇವತ್ತಿನ ಬಲ ಇವತ್ತು ಕೊಡು. ನಾಳೆಯ ಭಯ ನಿನ್ನ ಕೈಗೆ ಒಪ್ಪಿಸುತ್ತೇವೆ. ಯೇಸುವಿನ ನಾಮದಲ್ಲಿ, ಆಮೆನ್.