ವಿಪತ್ಕಾಲದಲ್ಲಿ ಮನೋರಕ್ಷೆ

ನೇತ್ರಾವತೀ ನದಿಯು ಬಂಟ್ವಾಳದ ಪೇಟೆಯನ್ನು 1923ರಲ್ಲಿಯೂ 1974ರಲ್ಲಿಯೂ ಮುಳುಗಿಸಿದ ಸಂಗತಿಯನ್ನು ಆ ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. 2019ರ ಆಗಸ್ಟ್ ತಿಂಗಳಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಮೊದಲಾದ ಘಟ್ಟದ ಬುಡದ ಊರುಗಳಲ್ಲಿ ಗುಡ್ಡ ಜರಿದು, ಹೊಳೆಯುಕ್ಕಿ, ಮನೆ ತೋಟಗಳು ನಾಶವಾದುವು. ಇಂತಹ ಸಂದರ್ಭದಲ್ಲಿ ಕುಸಿದ ಗೋಡೆಗಳನ್ನೂ ಕೊಚ್ಚಿಹೋದ ಅಡಕೆಮರಗಳನ್ನೂ ಎಣಿಸಿ ಬರೆದುಕೊಳ್ಳುವ ಕ್ರಮವುಂಟು. ಮಳೆಯ ಸದ್ದಿಗೆ ಬೆಚ್ಚಿ ಏಳುವ ಬಾಲಕನ ಭಯವೂ, ತೋಟ ಹೋದ ಮೇಲೆ ಮಾತು ಬಿಟ್ಟ ಗೃಹಸ್ಥನ ದುಃಖವೂ ಆ ಪಟ್ಟಿಗೆ ಸೇರುವುದು ವಿರಳ. ವಿಪತ್ತಿಗೊಳಗಾದ ನಾಡಿಗೆ ಅನ್ನ, ವಸ್ತ್ರ, ಆಶ್ರಯಗಳಂತೆಯೇ ಮನೋರಕ್ಷೆಯೂ ಅವಶ್ಯವೆಂಬುದೇ ಇಲ್ಲಿಯ ವಿಚಾರ.

ವಿಪತ್ತೆಂದರೆ ನೆರೆಯೊಂದೇ ಅಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ನಡೆದ ವಿಮಾನ ದುರಂತದಲ್ಲಿ 158 ಮಂದಿ ಮೃತರಾದರು. 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೇ ಬಾಗಿಲು ಮುಚ್ಚಿಕೊಂಡಾಗ ಎಷ್ಟೋ ಬಂಧುಗಳಿಗೆ ಮೃತರ ಅಂತ್ಯದರ್ಶನವೂ ದೊರೆಯದೆ ಹೋಯಿತು. ಆದರೆ ದುಃಖವೆಲ್ಲವೂ ವ್ಯಾಧಿಯಲ್ಲ. ಸ್ವಜನರ ಸಾಂತ್ವನದಿಂದಲೂ ಕಾಲಕ್ರಮದಿಂದಲೂ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ವಾರಗಳು ಕಳೆದರೂ ನಿದ್ರಾಹಾರಗಳು ಸರಿಯಾಗದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ, ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಆಗ ಚಿಕಿತ್ಸೆ ಬೇಕು. ಬದುಕು ಬೇಡವೆಂಬ ಮಾತು ಬಂದಲ್ಲಿ ವಾರಗಳನ್ನು ಎಣಿಸುತ್ತ ಕುಳಿತುಕೊಳ್ಳಬಾರದು.

ಈ ವಿವೇಕವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ಭಯಹರ್ಷಗಳಿಂದ ಮನಸ್ಸಿಗಾಗುವ ಆಘಾತವನ್ನೂ ಅದರ ಕಾರಣಗಳಲ್ಲಿ ಸೇರಿಸಿದೆ. ಚಿಕಿತ್ಸೆಯನ್ನು ಅದು ಮೂರಾಗಿ ಹೇಳುತ್ತದೆ: ಮಂತ್ರ, ಹೋಮ, ಉಪವಾಸಾದಿಗಳನ್ನು ಆಶ್ರಯಿಸಿದ ದೈವವ್ಯಪಾಶ್ರಯ, ಆಹಾರೌಷಧಗಳ ಯುಕ್ತಿವ್ಯಪಾಶ್ರಯ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತರುವ ಸತ್ತ್ವಾವಜಯ. ಇಂದಿನ ಮನೋವೈದ್ಯರ ಔಷಧವನ್ನು ಎರಡನೆಯದಕ್ಕೂ ಆಪ್ತಸಮಾಲೋಚನೆಯನ್ನು ಮೂರನೆಯದಕ್ಕೂ ಹೋಲಿಸಬಹುದು.

ತುಳುನಾಡಿನಲ್ಲಿ ಮೊದಲನೆಯ ಮಾರ್ಗವು ಪ್ರಬಲವಾಗಿದೆ. ಮನಸ್ಸು ಕೆಟ್ಟಾಗ ಮನೆಯವರು ದೈವದ ನುಡಿ ಕೇಳುತ್ತಾರೆ, ಹರಕೆ ಹೊರುತ್ತಾರೆ. ಅದರಿಂದ ಧೈರ್ಯ ಬರುವುದಾದರೆ ಆಕ್ಷೇಪಿಸಬೇಕಾದುದಿಲ್ಲ. ಆದರೆ ಹರಕೆಯ ನೆಪದಿಂದ ಔಷಧವು ವರ್ಷಗಟ್ಟಲೆ ತಡವಾಗಬಾರದು. ಅದಕ್ಕಿಂತಲೂ ಅನರ್ಥಕರವಾದುದು ಶಬ್ದ. ಖಿನ್ನತೆ, ಭೀತಿ, ಭ್ರಮೆಗಳೆಲ್ಲವನ್ನೂ ‘ಮರ್ಲು’ ಎಂಬ ಒಂದೇ ಶಬ್ದದಲ್ಲಿ ಅಡಗಿಸುವ ರೂಢಿಯಿಂದ, ಆ ಹೆಸರಿಗೆ ಅಂಜಿ ರೋಗಿಯು ರೋಗವನ್ನೇ ಮರೆಮಾಚುತ್ತಾನೆ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಾಮಾನ್ಯ ಮನೋವ್ಯಾಧಿಯುಳ್ಳ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲವೆಂದು ಕಂಡುಬಂದಿತು.

ವೈದ್ಯರು ವಿರಳರಾದ ದೇಶದಲ್ಲಿ ಇದಕ್ಕೆ ಉಪಾಯವನ್ನು ತೋರಿಸಿದುದು ಕನ್ನಡ ನಾಡೇ ಎಂಬುದು ಅಭಿಮಾನದ ಸಂಗತಿ. ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ಸಮೀಪದ ಸಕಲವಾರ ಗ್ರಾಮದಲ್ಲಿ 1970ರ ದಶಕದಲ್ಲಿ ಪ್ರಯೋಗವನ್ನಾರಂಭಿಸಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ವಿಸ್ತರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅವಶ್ಯ ಔಷಧಗಳಿಂದ ಊರಿನಲ್ಲಿಯೇ ಚಿಕಿತ್ಸೆ ನಡೆಸುವ ಈ ಪದ್ಧತಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ಇಷ್ಟಿದ್ದರೂ ರೋಗಿಯನ್ನು ಬಾಗಿಲವರೆಗೆ ಕರೆತರುವವರಿಲ್ಲದಿದ್ದರೆ ಬಾಗಿಲು ತೆರೆದಿದ್ದೂ ವ್ಯರ್ಥ. ಈ ಕಾರ್ಯದಲ್ಲಿ ಉಪಾಧ್ಯಾಯರ ಸ್ಥಾನ ಹಿರಿದು. ಮೂಡುಬಿದಿರೆಯ ವಿದ್ಯಾರ್ಥಿನಿಲಯಗಳಲ್ಲಿ ದೂರದ ಜಿಲ್ಲೆಗಳ ಮಕ್ಕಳಿದ್ದಾರೆ. ಊರಿನಲ್ಲಿ ನೆರೆ ಬಂದಾಗ, ಮನೆಯಲ್ಲಿ ಸಾವಾದಾಗ, ಪರೀಕ್ಷೆಯಲ್ಲಿ ಸೋಲಾದಾಗ ಅವರ ಮುಖವನ್ನು ದಿನವೂ ನೋಡುವವನು ಗುರುವೇ. ವಿಶ್ವ ಆರೋಗ್ಯ ಸಂಸ್ಥೆಯು ವಿಪತ್ಕಾಲದ ಮಾನಸಿಕ ಪ್ರಥಮ ಚಿಕಿತ್ಸೆಗೆ ಮೂರು ಕ್ರಿಯೆಗಳನ್ನು ವಿಧಿಸಿದೆ: ನೋಡುವುದು, ಕೇಳುವುದು, ನೆರವಿನೊಡನೆ ಜೋಡಿಸುವುದು. ಇವಕ್ಕೆ ವೈದ್ಯಪದವಿ ಬೇಡ. ಕೇಳುವಾಗ ಉಪದೇಶಕ್ಕೆ ಆತುರಪಡದೆ, ಗದರದೆ, ಮಗುವಿನ ಮಾತು ಮುಗಿಯುವವರೆಗೆ ಸುಮ್ಮನಿರುವ ತಾಳ್ಮೆ ಸಾಕು. ತನ್ನ ಶಕ್ತಿಗೆ ಮೀರಿದುದನ್ನು ಮರೆಮಾಚದೆ ವೈದ್ಯನಿಗೆ ಒಪ್ಪಿಸುವ ವಿನಯವೂ ಬೇಕು.

ದಾನಿಗಳು ಕಟ್ಟಡಕ್ಕೆ ಕೊಟ್ಟ ಹಣವು ಕಣ್ಣಿಗೆ ಕಾಣುತ್ತದೆ. ಒಬ್ಬ ಆಪ್ತಸಮಾಲೋಚಕನ ವೇತನಕ್ಕೆ ಕೊಟ್ಟುದು ಕಾಣುವುದಿಲ್ಲ; ಆದರೆ ಒಂದು ಮಗು ಶಾಲೆ ಬಿಡದೆ ಉಳಿದಲ್ಲಿ ಅದರ ಫಲವಿದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಸಹಪಾಠಿಗಳಲ್ಲಿ ಮೌನವಾದವರನ್ನು ಹುಡುಕಿ ವಿಚಾರಿಸುವುದೂ ಸೇವೆಯೇ. ಹಸಿದವನಿಗೆ ಅನ್ನವಿಡುವ ಕೈಗಳು ನಮ್ಮಲ್ಲಿ ಅನೇಕ. ನೊಂದವನಿಗೆ ಕಿವಿಗೊಡುವವರೂ ಅಷ್ಟೇ ಮಂದಿ ಆದಂದು ವಿಪತ್ತು ಬಂದರೂ ನಾಡು ಧೃತಿಗೆಡದು.