ತೋಟದ ಹೊದಿಕೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗಾನದಿಯ ದಂಡೆಯ ಮೇಲೆ ಮಂಡಗದ್ದೆಯೆಂಬ ಊರಿದೆ. ಮಳೆಗಾಲದಲ್ಲಿ ನದಿಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳಿಂದ ಈ ಊರು ಹೆಸರಾಗಿದೆ. ಪ್ರವಾಸಿಗಳು ಹಕ್ಕಿಗಳನ್ನು ನೋಡಿ ಮುಂದೆ ಸಾಗುತ್ತಾರೆ. ಈ ಸೀಮೆಯ ಅಡಕೆಯ ತೋಟಗಳೊಳಗೆ ಕಾಲಿಡುವವರು ಕಡಮೆ. ಅಲ್ಲಿ ಮರಗಳ ಬುಡದಲ್ಲಿ ಸೊಪ್ಪು, ತರಗೆಲೆ, ಒಣಗಿದ ಸೋಗೆಗಳನ್ನು ಹಾಸಿರುತ್ತಾರೆ. ಹೊರಗಿನವರಿಗೆ ಅದು ಕಸವೆಂದೇ ತೋರೀತು.

ಆದರೆ ಮಲೆನಾಡಿನ ಕೆಮ್ಮಣ್ಣಿಗೆ ಆ ಹೊದಿಕೆಯೇ ರಕ್ಷೆ. ಜಡಿಮಳೆಯ ಹನಿಗಳು ಬರಿನೆಲಕ್ಕೆ ಅಪ್ಪಳಿಸಿದರೆ ಮಣ್ಣಿನ ಹೆಂಟೆ ಒಡೆದು ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಹೊದಿಕೆಯು ಹನಿಯ ಪೆಟ್ಟನ್ನು ತಾನು ತಾಳಿ, ನೀರನ್ನು ಮೆಲ್ಲಗೆ ಒಳಕ್ಕಿಳಿಸುತ್ತದೆ. ಬೇಸಗೆಯಲ್ಲಿ ತೇವ ಆರದಂತೆ ಕಾಯುತ್ತದೆ, ಕಳೆಯನ್ನು ತಡೆಯುತ್ತದೆ, ಎರೆಹುಳುವಿಗೆ ಆಹಾರವಾಗುತ್ತದೆ.

ತರಗೆಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಎಲೆಯಲ್ಲಿ ಸಾಲದಿದ್ದರೆ ಅವು ಮಣ್ಣಿನಿಂದಲೇ ಅದನ್ನು ಹೀರಿಕೊಳ್ಳುತ್ತವೆ. ಆದುದರಿಂದ ಒಣ ಎಲೆಯನ್ನು ಮಣ್ಣಿನೊಡನೆ ಬೆರೆಸಿದರೆ ಗಿಡ ಕೆಲಕಾಲ ಹಳದಿಗಟ್ಟುವುದುಂಟು. ಮೇಲೆ ಹಾಸಿದಾಗ ಈ ತೊಂದರೆ ಬಹಳ ಕಡಮೆ. ಮಲೆನಾಡಿನ ರೈತರು ಇದಕ್ಕೊಂದು ಉಪಾಯವನ್ನು ಹಿಂದಿನಿಂದಲೂ ಅರಿತಿದ್ದರು. ಸೊಪ್ಪಿನ ಬೆಟ್ಟದಿಂದ ತಂದ ತರಗನ್ನು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲ ಕೆಳಗೆ ಹಾಸುತ್ತಿದ್ದರು. ಗಂಜಲದ ಸಾರಜನಕವನ್ನು ಹೀರಿದ ಎಲೆ ಗೊಬ್ಬರಗುಂಡಿಯಲ್ಲಿ ಬೇಗ ಕಳಿತು, ತೋಟಕ್ಕೆ ಬರುತ್ತಿತ್ತು. ರಸಾಯನಶಾಸ್ತ್ರದ ಹೆಸರು ಕೇಳದವರು ಕಂಡುಕೊಂಡ ರಸಾಯನವಿದು!

ಗಾಳಿಯ ಸಾರಜನಕದಿಂದ ಅಮೋನಿಯವನ್ನು ತಯಾರಿಸುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿಕೊಟ್ಟನು. ನಮ್ಮ ರಾಜ್ಯದ ಪಣಂಬೂರಿನ ಕಾರ್ಖಾನೆಯಲ್ಲಿ 1976ರಿಂದ ಯೂರಿಯ ತಯಾರಾಗತೊಡಗಿತು. ಯೂರಿಯದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಫಲ ಬಿಡುವ ಅಡಕೆಯ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಬೇಕೆಂಬುದು ಕೃಷಿತಜ್ಞರ ಶಿಫಾರಸು. ಎಂದರೆ ಸುಮಾರು 217 ಗ್ರಾಂ ಯೂರಿಯ. ಬುಟ್ಟಿಗಟ್ಟಲೆ ಗೊಬ್ಬರ ಹೊರುವವನಿಗೆ ಇದೆಷ್ಟು ಹಗುರ!

ಈ ಹಗುರಕ್ಕೆ ಬೆಲೆಯೂ ಉಂಟು. ಯೂರಿಯವನ್ನು ಹೊದಿಕೆಯ ಮೇಲೆ ಎರಚಿದರೆ ಅದರ ಒಂದಂಶ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಮಣ್ಣು ಸೇರಿದುದು ನೈಟ್ರೇಟಾಗಿ ಮಾರ್ಪಡುವಾಗ ಆಮ್ಲ ಹುಟ್ಟುತ್ತದೆ. ಮೊದಲೇ ಹುಳಿಯಾದ ಈ ನೆಲ ಇನ್ನಷ್ಟು ಹುಳಿಯಾಗಿ, ಸುಣ್ಣವನ್ನು ಬೇಡುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಬಿಗಿಹಿಡಿಯಲಾರವು. ಜಡಿಮಳೆಯಲ್ಲಿ ಅದು ಬಸಿಗಾಲುವೆಗಿಳಿದು, ಹಳ್ಳ ಸೇರಿ, ತುಂಗೆಯ ಪಾಲಾಗುತ್ತದೆ. ಆದಕಾರಣ ಹೊದಿಕೆಯನ್ನು ಬದಿಗೆ ಸರಿಸಿ, ಬುಡದ ಸುತ್ತ ಗೊಬ್ಬರವಿಟ್ಟು, ಮಣ್ಣು ಮುಚ್ಚಿ, ಮತ್ತೆ ಸೊಪ್ಪು ಹಾಸಬೇಕು. ಒಂದೇ ಸಲ ಸುರಿಯದೆ ಕಂತುಗಳಲ್ಲಿ, ಮಳೆಯ ಭರವಿಲ್ಲದಾಗ ಕೊಡಬೇಕು. ತಜ್ಞರು ಸಹ ಯೂರಿಯವೊಂದನ್ನೇ ಹೇಳಿಲ್ಲ. ರಂಜಕ ಮತ್ತು ಪೊಟ್ಯಾಷಿನೊಡನೆ ಪ್ರತಿ ಮರಕ್ಕೆ 12 ಕಿಲೋಗ್ರಾಂ ಹಸಿರೆಲೆಯನ್ನೂ ಅಷ್ಟೇ ಕಾಂಪೋಸ್ಟನ್ನೂ ಹೇಳಿದ್ದಾರೆ.

ಅಷ್ಟು ಎಲೆ ಬರುವುದೆಲ್ಲಿಂದ? ಬೆಟ್ಟದ ತರಗನ್ನೆಲ್ಲ ವರ್ಷವರ್ಷವೂ ಗುಡಿಸಿ ತಂದರೆ ಅಲ್ಲಿನ ನೆಲ ಬರಿದಾಗುತ್ತದೆ. ತೋಟದ ಮಣ್ಣನ್ನು ಉಳಿಸಹೋಗಿ ಕಾಡಿನ ಮಣ್ಣನ್ನು ಕಳೆದಂತಾಗುತ್ತದೆ. ಬಿದ್ದ ಸೋಗೆ, ಅಡಕೆಯ ಸಿಪ್ಪೆಗಳನ್ನು ಸುಡದೆ ತೋಟಕ್ಕೇ ಹಾಸಿದರೆ ಬೆಟ್ಟದ ಹೊರೆ ಅಷ್ಟು ಇಳಿಯುತ್ತದೆ. ಸೋಗೆ ನಾರುಳ್ಳದ್ದಾದುದರಿಂದ ಕೊಳೆಯಲು ತಡ. ಕಡಿದು ತುಂಡುಮಾಡಿ ಸಗಣಿನೀರು ಚಿಮುಕಿಸಿದರೆ ಬೇಗ ಮಣ್ಣಾಗುತ್ತದೆ.