ಥಿನ್ನರ್ ಘಾಟಿಗೂ ಕಾನೂನಿನಲ್ಲಿ ಮಿತಿಯಿದೆ

ಅಕ್ಕೂರು ಕಡೆಯಿಂದ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಪೇಂಟಿಂಗ್ ಕೆಲಸಕ್ಕೆ ಹೋಗುವವರೂ ಚನ್ನಪಟ್ಟಣದಲ್ಲಿ ಬೊಂಬೆಗೆ ಸ್ಪ್ರೇ ಹೊಡೆಯುವವರೂ ಒಂದು ಲಕ್ಷಣವನ್ನು ಗಮನಿಸಬೇಕು. ಗಂಟಲು ಕೆರೆತ, ಒಣಕೆಮ್ಮು, ಕಣ್ಣುರಿ ಕೆಲಸದ ದಿನ ಹೆಚ್ಚಾಗಿ ರಜೆಯ ದಿನ ಇಳಿದರೆ ಅದನ್ನು ನೆಗಡಿಯೆಂದು ತಳ್ಳಿಹಾಕಬೇಡಿ, ಕಾರಣ ಬಣ್ಣ ತೆಳುವಾಗಿಸುವ ಥಿನ್ನರ್‌ನ ಆವಿ ಇರಬಹುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬೊಂಬೆಗೆ ಬಣ್ಣ ಹಿಡಿಸುವ ಹಳೆಯ ಪದ್ಧತಿಗೆ ಥಿನ್ನರ್ ಬೇಕಿರಲಿಲ್ಲ. ಸ್ಪ್ರೇ ಬಣ್ಣಕ್ಕೆ ಬೇಕು.

ಥಿನ್ನರ್ ಒಂದೇ ವಸ್ತುವಲ್ಲ. ಟಾಲ್ವೀನ್, ಕ್ಸೈಲೀನ್, ಅಸಿಟೋನ್‌ನಂಥವು ಅದರಲ್ಲಿ ಬೆರೆತಿರುತ್ತವೆ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯು 8 ಗಂಟೆಯ ಸರಾಸರಿಗೆ ಟಾಲ್ವೀನ್ 100, ಕ್ಸೈಲೀನ್ 100, ಅಸಿಟೋನ್ 750 ಪಿಪಿಎಂ ಎಂದು ಮಿತಿ ಹಾಕಿತ್ತು. ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು. ನಿಮ್ಮಲ್ಲಿ ಅಳೆದಾಗ ಇವು ಕ್ರಮವಾಗಿ 50, 40, 225 ಬಂದವು ಅನ್ನಿ. ಬಿಡಿಯಾಗಿ ನೋಡಿದರೆ ಎಲ್ಲವೂ ಮಿತಿಯೊಳಗೇ. ಆದರೆ ಮೂರೂ ಒಂದೇ ಉಸಿರಿನಲ್ಲಿ ಒಳಹೋಗಿ ಒಂದೇ ಅಂಗವನ್ನು ಕಾಡುವಾಗ, ಔದ್ಯೋಗಿಕ ಆರೋಗ್ಯ ತಜ್ಞರು ಪ್ರತಿಯೊಂದನ್ನೂ ಅದರದರ ಮಿತಿಯಿಂದ ಭಾಗಿಸಿ ಕೂಡುತ್ತಾರೆ: 0.5, 0.4, 0.3, ಒಟ್ಟು 1.2. ಈ ಮೊತ್ತ 1 ದಾಟಿದರೆ ಮಿತಿ ಮೀರಿದಂತೆ. 12 ಗಂಟೆ ದುಡಿಯುವವರಿಗೆ ಮಿತಿ ಇನ್ನೂ ಕೆಳಗಿರಬೇಕು. ಮೂಗನ್ನು ನಂಬಬೇಡಿ, ಅದು ಬೇಗನೆ ಘಾಟಿಗೆ ಒಗ್ಗಿಬಿಡುತ್ತದೆ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ಅಳತೆಯ ಅಂಕಿಯನ್ನು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 14ನೇ ಕಲಂ ಪ್ರಕಾರ, ತಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಪಡೆಯುವುದು ನೌಕರರ ಹಕ್ಕು. ಥಿನ್ನರ್‌ನ ಸುರಕ್ಷತಾ ಮಾಹಿತಿ ಪತ್ರವನ್ನೂ ಗಾಳಿ ಅಳೆದ ವರದಿಯನ್ನೂ ಬರವಣಿಗೆಯಲ್ಲಿ ಕೇಳಿ, ನಕಲಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಆರೋಗ್ಯಕ್ಕೆ ತಕ್ಷಣದ ಅಪಾಯವಿದೆ ಅನಿಸಿದರೆ ಮಾಲೀಕರಿಗೂ ಸಂಹಿತೆಯಡಿ ನೇಮಕವಾದ ಇನ್‌ಸ್ಪೆಕ್ಟರ್‌ಗೂ ಒಟ್ಟಿಗೇ ತಿಳಿಸಬಹುದು. ಮಾಲೀಕರು ಅಪಾಯವಿಲ್ಲವೆಂದರೆ ವಿಷಯವನ್ನು ಇನ್‌ಸ್ಪೆಕ್ಟರ್‌ಗೆ ಒಪ್ಪಿಸಲೇಬೇಕು. ಅಪಾಯವಿದೆಯೇ ಎಂಬುದರಲ್ಲಿ ಇನ್‌ಸ್ಪೆಕ್ಟರ್ ತೀರ್ಮಾನವೇ ಅಂತಿಮ. ರಾಜ್ಯದಲ್ಲಿ ಕಾರ್ಖಾನೆಗಳ ಮೇಲಿನ ಇಂಥ ದೂರನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಕೊಡಬೇಕು.

ವೈದ್ಯರ ಬಳಿ ಕೆಮ್ಮಿನ ಜೊತೆಗೆ ಕೆಲಸದ ವಿಷಯವನ್ನೂ ಹೇಳಿ, ಅದು ಚೀಟಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಎರಡು ಡಬ್ಬಿ ಬೆರೆಸಿ ಹೊಡೆಯುವ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರಬಹುದು. ಅದರಿಂದ ಅಸ್ತಮಾ ಬರಬಹುದು. ಕೆಲಸದಿಂದ ಬಂದ ಅಸ್ತಮಾ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ, ಆದರೆ ದಾಖಲೆಯಿಲ್ಲದೆ ಅದನ್ನು ಸಾಬೀತು ಮಾಡುವುದು ಕಷ್ಟ.

ನನ್ನ ಆತಂಕವೆಲ್ಲ ಮನೆಯ ಪಕ್ಕದ ಸಣ್ಣ ಘಟಕಗಳ ಬಗ್ಗೆ. ಸಂಹಿತೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗಷ್ಟೇ ಅನ್ವಯಿಸುತ್ತದೆ. ಮೂರ್ನಾಲ್ಕು ಜನ ಕಿಟಕಿಯಿಲ್ಲದ ಕೋಣೆಯಲ್ಲಿ ಸ್ಪ್ರೇ ಹೊಡೆಯುವ ಕಡೆ ಕಾನೂನಿನ ಕೈ ಗಿಡ್ಡ. ಇದು ದೊಡ್ಡ ಅನ್ಯಾಯ. ಕಾರ್ಮಿಕರ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.